ಬಳ್ಳಾರಿ ಜಾಲಿಯ ಬೀಜವೂ ದನದ ಸಗಣಿಯೂ

ಹೊಲದ ಬದುವಿನಲ್ಲಿ ಯಾರೂ ಬಿತ್ತದ ಬೇವು ಹುಟ್ಟುವುದನ್ನೂ, ಬೇಲಿಯ ಮಗ್ಗುಲಲ್ಲಿ ಶ್ರೀಗಂಧದ ಸಸಿಗಳು ತಾವಾಗಿಯೇ ಏಳುವುದನ್ನೂ ರೈತರೆಲ್ಲರೂ ಬಲ್ಲರು. ಹಣ್ಣು ತಿಂದ ಹಕ್ಕಿಗಳು ಅಲ್ಲಿ ಕುಳಿತು ಬೀಜವನ್ನು ಉದುರಿಸುವುದೇ ಇದಕ್ಕೆ ಕಾರಣ. ಗಿಡಕ್ಕೆ ಕಾಲಿಲ್ಲ, ಆದಕಾರಣ ತಿರುಳನ್ನು ಕೂಲಿಯಾಗಿ ಕೊಟ್ಟು ಪ್ರಾಣಿಗಳಿಂದ ಬೀಜವನ್ನು ಹೊರಿಸುತ್ತದೆ. ಶ್ರೀಗಂಧದಲ್ಲಿ ಇದರಿಂದ ನಮಗೆ ಲಾಭ. ನಷ್ಟವಾಗುವ ಬಗೆಯನ್ನು ಬಳ್ಳಾರಿ ಜಾಲಿಯಲ್ಲಿ ನೋಡಬಹುದು.

ಈ ಮರವು ಅಮೆರಿಕ ಖಂಡದ ಉಷ್ಣಪ್ರದೇಶದ್ದು. 1877ರ ಸುಮಾರಿಗೆ ಭಾರತಕ್ಕೆ ಬಂದಿತು. ಸೌದೆಗೂ ಇದ್ದಲಿಗೂ ಇದು ಒಳ್ಳೆಯದೆಂಬುದನ್ನು ಅಲ್ಲಗಳೆಯಲಾಗದು. ಇದರ ಎಲೆಯನ್ನು ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಳದಿಯಾಗಿ ಮಾಗಿದ ಸಿಹಿಗಾಯನ್ನಾದರೋ ಆಸೆಯಿಂದ ಮೆಲ್ಲುತ್ತವೆ. ಹೀಗೆ ಮರವು ತನ್ನ ಮೈಯನ್ನು ಉಳಿಸಿಕೊಂಡು ಬೀಜವನ್ನು ಮಾತ್ರ ಒಪ್ಪಿಸುತ್ತದೆ. ಬೀಜವು ಗಟ್ಟಿಯಾದ ಕವಚದೊಳಗಿರುವುದರಿಂದ ಅನೇಕ ಬೀಜಗಳು ಹಲ್ಲಿಗೆ ಸಿಕ್ಕದೆ, ಹೊಟ್ಟೆಯಲ್ಲಿ ಜೀರ್ಣವಾಗದೆ, ಕೆಲವು ದಿವಸಗಳ ಮೇಲೆ ಸಗಣಿಯೊಡನೆ ಹೊರಬೀಳುತ್ತವೆ. ಅಷ್ಟರಲ್ಲಿ ಕವಚವು ಮೆತ್ತಗಾಗಿ ಮೊಳೆಯಲು ಅನುಕೂಲವಾಗಿರುತ್ತದೆ. ತೇವವನ್ನೂ ಗೊಬ್ಬರವನ್ನೂ ಸಗಣಿಯೇ ಒದಗಿಸುತ್ತದೆ. ಆಡು ಕುರಿಗಳು ಚೆನ್ನಾಗಿ ಅಗಿಯುವುದರಿಂದ ಅವುಗಳ ಹಿಕ್ಕೆಯಲ್ಲಿ ಬದುಕಿ ಬರುವ ಬೀಜ ಕಡಮೆ, ಇಲ್ಲವೇ ಇಲ್ಲವೆಂದಲ್ಲ.

ಗೋಮಾಳದಲ್ಲಿ ತಿಂದ ಕಾಯಿಯ ಬೀಜವು ಕೊಟ್ಟಿಗೆಗೂ, ಅಲ್ಲಿಂದ ತಿಪ್ಪೆಗೂ, ತಿಪ್ಪೆಯಿಂದ ಗಾಡಿಯಲ್ಲಿ ಹೊಲಕ್ಕೂ ಸೇರುತ್ತದೆ. ಜಾಲಿಯನ್ನು ಶಪಿಸುವ ರೈತನೇ ಅದನ್ನು ಬಿತ್ತಿದಂತಾಯಿತು! ಆದುದರಿಂದ ಕಾಯಿ ಉದುರುವ ಕಾಲದಲ್ಲಿ ಜಾಲಿಯ ಕೆಳಗೆ ಮೇಯ್ದ ದನಗಳನ್ನು ನೆಟ್ಟಗೆ ಹೊಲಕ್ಕೆ ಬಿಡದೆ, ಒಂದು ವಾರವಾದರೂ ಕೊಟ್ಟಿಗೆಯಲ್ಲಿ ಕಟ್ಟಿ ಬೇರೆ ಮೇವು ಹಾಕುವುದು ಲೇಸು. ಹೊಲದಲ್ಲಿ ಕುರಿಮಂದೆ ನಿಲ್ಲಿಸುವವರು, ಮಂದೆಯು ಹಿಂದಿನ ದಿವಸಗಳಲ್ಲಿ ಎಲ್ಲಿ ಮೇಯ್ದಿತೆಂದು ಕುರಿಗಾಹಿಗಳನ್ನು ಮೊದಲೇ ವಿಚಾರಿಸತಕ್ಕದ್ದು. ಸಗಣಿಯನ್ನು ಹಸಿಯಾಗಿ ಹರಡಬಾರದು. ಗುಂಡಿಯಲ್ಲಿ ನೀರು ಚಿಮುಕಿಸಿ, ಮೇಲಿನದು ಒಳಕ್ಕೆ ಬರುವಂತೆ ತಿರುವಿಹಾಕಿದರೆ ಕಾವಿಗೆ ಬಹುಪಾಲು ಬೀಜಗಳು ಸಾಯುವುವು. ತಿರುವದೆ ಬಿಟ್ಟರೆ ತಣ್ಣಗಿರುವ ಅಂಚಿನಲ್ಲಿ ಉಳಿದುಕೊಳ್ಳುವುವು. ಕಾಯಿಯನ್ನು ಮೇವಾಗಿ ಕೊಡುವುದಾದರೆ ಒಣಗಿಸಿ, ಬೀಜಸಮೇತ ನುಣ್ಣಗೆ ಬೀಸಿ, ಬೇರೆ ಮೇವಿನೊಡನೆ ಮಿತವಾಗಿ ಬೆರಸಬೇಕು. ಬಹುಕಾಲ ಇದನ್ನೇ ಹೆಚ್ಚಾಗಿ ತಿಂದ ದನಗಳು ಕಾಯಿಲೆ ಬೀಳುವುದುಂಟು.

ಹೊಲದಲ್ಲಿ ಕಂಡ ಸಸಿಯನ್ನು ಮೊದಲ ಮಳೆಗಾಲದಲ್ಲಿಯೇ, ನೆಲವು ಹಸಿಯಾಗಿರುವಾಗ, ಬೇರುಸಹಿತ ಕೀಳಬೇಕು. ಬಲಿತ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ; ಒಂದು ಗೇಣಿಗಿಂತಲೂ ಆಳವಾಗಿ ಅಗೆದು ಬುಡವನ್ನು ತೆಗೆಯತಕ್ಕದ್ದು. ಊರ ದನಗಳೆಲ್ಲವೂ ಒಂದೇ ಗೋಮಾಳದಲ್ಲಿ ಮೇಯುವುದರಿಂದ ಒಬ್ಬನ ಪ್ರಯತ್ನ ಸಾಲದು. ಕಾಯಿ ಮಾಗುವುದಕ್ಕೆ ಮುಂಚೆ ಗ್ರಾಮದ ಮುಖಂಡರು ಊರವರನ್ನು ಕೂಡಿಸಿ, ಗೋಮಾಳದ ಯಾವ ಭಾಗಕ್ಕೆ ದನ ಬಿಡಬಾರದೆಂಬುದನ್ನೂ, ಉದುರಿದ ಕಾಯಿಯನ್ನು ಯಾರು ಆಯತಕ್ಕದ್ದೆಂಬುದನ್ನೂ ಗೊತ್ತುಮಾಡಬೇಕು.