ಹಿಮಾಲಯದ ಮಕ್ಕಳಿಗೂ ಹುಟ್ಟಲಿರುವ ಮಗುವಿಗೂ

ಮಗಳೇ, ಅಳಿಯಂದಿರೇ,

ಮಳೆಗಾಲ ಮುಗಿದ ಮೇಲೆ ರಜೆ ಹಾಕಿ ಕಠ್ಮಂಡುವಿಗೆ ಹೋಗುವುದು, ಅಲ್ಲಿಯ ಅನಾಥಾಲಯವೊಂದರಲ್ಲಿ ಮೂರು ವಾರ ಮಕ್ಕಳ ಜೊತೆ ಇದ್ದು ಸೇವೆ ಮಾಡುವುದು, ಬಂದ ಮೇಲೆ ನಿಮ್ಮದೇ ಮಗುವಿನ ಯೋಚನೆ ಮಾಡುವುದು ಎಂದು ನಿಶ್ಚಯಿಸಿದ್ದೀರಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳ ಚಿಂತೆ ಊಟ, ನೀರು, ಚಳಿಯದ್ದು. ನನ್ನ ಚಿಂತೆ ಬೇರೆ. ನಿಮ್ಮ ಮನಸ್ಸಿನಲ್ಲಿ ಮೂಡಿದ ಆಸೆ ದೊಡ್ಡದು, ಅದನ್ನು ಚಿವುಟಲು ಬರೆಯುತ್ತಿಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದೇ ಕೂದಲು ನರೆಸಿಕೊಂಡವಳು ನಾನು. ಅಲ್ಲಿ ಕಣ್ಣಾರೆ ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಒಂದು ಮಾತು ಹೇಳಬೇಕಾಗಿದೆ. ಮಗುವಿಗೆ ಬೇಕಾದವರು ಬಿಟ್ಟುಹೋಗದೆ ಉಳಿಯುವವರು. ಅಲ್ಲಿಯ ಮಗುವಿಗೂ ಅಷ್ಟೇ, ನಾಳೆ ನಿಮ್ಮ ಮಡಿಲಿಗೆ ಬರುವ ಮಗುವಿಗೂ ಅಷ್ಟೇ.

ಮೊದಲು ಆ ಮಕ್ಕಳು ಯಾರೆಂದು ತಿಳಿದುಕೊಳ್ಳಿ. ನೇಪಾಳದ ಅನಾಥಾಲಯಗಳಲ್ಲಿರುವ ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಿಗೆ ತಾಯಿಯೋ ತಂದೆಯೋ, ಒಬ್ಬರಾದರೂ ಬದುಕಿದ್ದಾರೆ ಎಂದು ಅಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುವವರು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ದೇಶದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜಿಲ್ಲೆಗಳಿವೆ. ಆದರೆ ಇಂಥ ಮನೆಗಳಲ್ಲಿ ಬಹುಪಾಲು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೊಖರಾ ಇರುವ ಕಾಸ್ಕಿ, ಆನೆ-ಘೇಂಡಾಮೃಗಗಳ ಚಿತವನ, ಈ ಐದೇ ಜಿಲ್ಲೆಗಳಲ್ಲಿ. ಬಡತನ ಹೆಚ್ಚಿರುವುದು ಪಶ್ಚಿಮದ ಬೆಟ್ಟಗಳಲ್ಲಿ, ಅನಾಥಾಲಯ ಹೆಚ್ಚಿರುವುದು ಪ್ರವಾಸಿಗರು ಇಳಿಯುವ ಕಡೆ. ಯಾಕೆ ಹೀಗೆ ಎಂದು ನೀವೇ ಯೋಚಿಸಿ.

ಹುಮ್ಲಾ ಎಂಬ ಜಿಲ್ಲೆಯ ಹೆಸರು ನಮ್ಮವರಿಗೆ ಹೊಸದಲ್ಲ. ಮಾನಸ ಸರೋವರಕ್ಕೆ ಹೋಗುವ ನಮ್ಮ ಯಾತ್ರಿಕರು ನೇಪಾಳಗಂಜಿನಿಂದ ಪುಟ್ಟ ವಿಮಾನ ಹತ್ತಿ ಇಳಿಯುವ ಸಿಮಿಕೋಟ್ ಇರುವುದು ಅಲ್ಲೇ. 2018ರ ಜುಲೈನಲ್ಲಿ ಹವಾಮಾನ ಕೆಟ್ಟು ಸಿಮಿಕೋಟ್, ಹಿಲ್ಸಾಗಳಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದವರೂ ಇದ್ದರು, ನೆನಪಿರಬಹುದು. ಬಹುಕಾಲ ರಸ್ತೆಯೇ ಇರದಿದ್ದ ಈ ಜಿಲ್ಲೆಗೆ 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲದಲ್ಲಿ ದಲ್ಲಾಳಿಗಳು ಬಂದರು. ಮಾವೋವಾದಿಗಳು ಮಕ್ಕಳನ್ನು ಯುದ್ಧಕ್ಕೆ ಎಳೆದುಕೊಂಡು ಹೋಗುತ್ತಾರೆ, ನಾವು ಕಠ್ಮಂಡುವಿನ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ ಎಂದು ನಂಬಿಸಿದರು. ತಂದೆತಾಯಿ ಹೊಲವನ್ನೋ ದನವನ್ನೋ ಮಾರಿ ಹಣ ಕೊಟ್ಟರು. ಪಟ್ಟಣಕ್ಕೆ ಬಂದ ಮೇಲೆ ಹೆತ್ತವರು ಸತ್ತಿದ್ದಾರೆಂದು ಕಾಗದ ಹುಟ್ಟಿತು, ಎಷ್ಟೋ ಮಕ್ಕಳಿಗೆ ಹೆಸರೂ ಬದಲಾಯಿತು. ಆ ಮಕ್ಕಳನ್ನು ಮುಂದಿಟ್ಟುಕೊಂಡು ದೂರದೇಶದ ದಾನಿಗಳಿಂದ, ಸೇವೆಗೆಂದು ಬಂದವರಿಂದ ಹಣ ಎತ್ತಿದರು. ಮಗು ಸೊರಗಿದ್ದಷ್ಟೂ ನೋಡಿದವರ ಕೈ ಜೇಬಿಗೆ ಹೋಗುತ್ತದೆ. ಹೀಗಾಗಿ ಕೆಲವೆಡೆ ಬಂದ ಹಣ ಮಗುವಿನ ತಟ್ಟೆಗೆ ತಲುಪದಂತೆ ನೋಡಿಕೊಂಡವರೂ ಇದ್ದರು. ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

2015ರ ಏಪ್ರಿಲ್ 25ರ ಭೂಕಂಪದ ನಂತರ ಮತ್ತೆ ಇದೇ ಆಗಬಾರದೆಂದು ನೇಪಾಳ ಸರ್ಕಾರ ಪಾಲಕರೋ ಅನುಮತಿಯೋ ಇಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಆಚೆಗೆ ಸಾಗಿಸುವುದನ್ನು ತಡೆಯಿತು, ಹೊಸ ಮನೆಗಳ ನೋಂದಣಿ ನಿಲ್ಲಿಸಿತು. 2018ರ ಅವರ ಮಕ್ಕಳ ಕಾಯ್ದೆಯಲ್ಲಿ ಕುಟುಂಬ, ಬಂಧುಗಳ ಮನೆ, ಸಾಕುಮನೆ ಯಾವುದೂ ಒದಗದಿದ್ದಾಗ ಕೊನೆಯ ದಾರಿಯಾಗಿ ಮಾತ್ರ ಇಂಥ ಮನೆ ಎಂದಿದೆ. ಆಸ್ಟ್ರೇಲಿಯಾ ತನ್ನ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ಮಾಡುವ ಹೊತ್ತಿಗೆ ಅಲ್ಲಿಯ ಸಂಸತ್ತಿನ ಸಮಿತಿ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ವಿಚಾರಣೆಗೆ ಎತ್ತಿಕೊಂಡಿತ್ತು. ಎಲ್ಲ ಮನೆಗಳೂ ಕೆಟ್ಟವು ಎನ್ನುವುದು ಅನ್ಯಾಯ. ಆದರೆ ಅಲ್ಪಾವಧಿಗೆ ಬರುವವರ ಹಣದ ಮೇಲೆ ನಡೆಯುವ ಮನೆಗೆ ಮಕ್ಕಳು ಖಾಲಿಯಾಗಬಾರದು ಎಂಬ ಅಗತ್ಯ ಇದ್ದೇ ಇರುತ್ತದೆ. ನಡೆಸುವವರು ಎಷ್ಟೇ ಒಳ್ಳೆಯವರಾದರೂ ಆ ಅಗತ್ಯ ತಪ್ಪುವುದಿಲ್ಲ.

ಇರಲಿ, ಹಣದ ವಿಷಯ ಬಿಡಿ. ಎಲ್ಲವೂ ಪ್ರಾಮಾಣಿಕವಾಗಿರುವ ಒಂದು ಮನೆಗೇ ನೀವು ಹೋದಿರಿ ಎಂದುಕೊಳ್ಳೋಣ. ಗೇಟು ತೆಗೆದೊಡನೆ ಮಕ್ಕಳು ಓಡಿಬರುತ್ತವೆ, ಕಾಲಿಗೆ ತೆಕ್ಕೆಬೀಳುತ್ತವೆ, ಎತ್ತಿಕೊಳ್ಳಿ ಎಂದು ಕೈ ಚಾಚುತ್ತವೆ. ನಿನಗೆ ಕಣ್ಣಲ್ಲಿ ನೀರು ಬರುತ್ತದೆ, ಎಷ್ಟು ಪ್ರೀತಿ ಎನ್ನುತ್ತೀ. ಆಗ ನಮ್ಮ ಮನೆಯ ಮಕ್ಕಳನ್ನು ಜ್ಞಾಪಿಸಿಕೋ. ಎರಡು ವರ್ಷದ ಕೂಸು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಅಳುತ್ತದೆ, ಮತ್ತೆ ಮೆಲ್ಲಗೆ ಇಣುಕುತ್ತದೆ. ಅದು ಆರೋಗ್ಯದ ಲಕ್ಷಣ, ನನ್ನವರು ಯಾರು ಎಂಬುದು ಆ ಮಗುವಿಗೆ ಗೊತ್ತು. ಕಂಡಕಂಡವರ ಕುತ್ತಿಗೆಗೆ ಜೋತುಬೀಳುವ ಮಗುವಿಗೆ ಅದು ಗೊತ್ತಿಲ್ಲ. ಆ ಅಪ್ಪುಗೆ ಒಂದು ಗಾಯ.

ವಾರ್ಡಿನಲ್ಲಿ ನಾನು ಇದನ್ನು ಇನ್ನೊಂದು ರೂಪದಲ್ಲಿ ನೋಡಿದ್ದೇನೆ. ತಾಯಿಯನ್ನು ಒಳಗೆ ಬಿಡದ ಕಾಲದಲ್ಲಿ ಮಗು ಮೊದಲು ಕೂಗಾಡುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ತಣ್ಣಗಾಗಿ ಹೇಳಿದ ಹಾಗೆ ಕೇಳುತ್ತದೆ. ಹೊಂದಿಕೊಂಡಿತು ಎಂದು ದೊಡ್ಡವರು ನಿಟ್ಟುಸಿರು ಬಿಡುತ್ತಾರೆ. ಅದು ಹೊಂದಿಕೊಂಡಿರುವುದಿಲ್ಲ, ಆಸೆ ಬಿಟ್ಟಿರುತ್ತದೆ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಚಲನಚಿತ್ರ ತೋರಿಸಿದರು. ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯ ಮುಖ ದಿನದಿಂದ ದಿನಕ್ಕೆ ಹೇಗೆ ಬದಲಾಯಿತು ಎಂಬುದಷ್ಟೇ ಅದರಲ್ಲಿ ಇದ್ದದ್ದು. ವೈದ್ಯರು, ನರ್ಸುಗಳು ಮೊದಲು ಸಿಟ್ಟಾದರು. ಆದರೆ ಆಸ್ಪತ್ರೆಗಳ ಬಾಗಿಲು ತಾಯಂದಿರಿಗೆ ತೆರೆದದ್ದರಲ್ಲಿ ಆ ಚಿತ್ರದ ಪಾಲು ದೊಡ್ಡದು. ಎಂಟು ದಿನಕ್ಕೇ ಹಾಗಾದರೆ, ಮೂರು ವಾರಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದಾಡಿ ಮಾಯವಾಗುವ ಮಗುವಿನ ಗತಿಯೇನು? ನಿಮಗೆ ಅದು ಒಂದು ವಿದಾಯ. ವರ್ಷದಲ್ಲಿ ಆ ಮಗುವಿಗೆ ಎಷ್ಟು ವಿದಾಯಗಳೋ.

ರೊಮೇನಿಯಾದ ಕಥೆಯನ್ನೂ ನೀವು ತಿಳಿದಿರಬೇಕು. ಅಲ್ಲಿಯ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ, ಜನಸಂಖ್ಯೆ ಹೆಚ್ಚಬೇಕೆಂಬ ಹಟಕ್ಕೆ. ಸಾಕಲಾರದವರು ಮಕ್ಕಳನ್ನು ಸರ್ಕಾರದ ಮನೆಗಳಿಗೆ ಬಿಟ್ಟರು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಕುಸಿದಾಗ ಅಂಥ ಮನೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಸಂಶೋಧಕರು 2000ದ ಸುಮಾರಿಗೆ ಬುಕಾರೆಸ್ಟಿನ ಈ ಮನೆಗಳ 136 ಪುಟ್ಟ ಮಕ್ಕಳ ಅಧ್ಯಯನ ಶುರುಮಾಡಿ, ಅರ್ಧದಷ್ಟು ಮಕ್ಕಳಿಗೆ ಸಾಕುಮನೆ ಒದಗಿಸಿ ವರ್ಷಗಟ್ಟಲೆ ಗಮನಿಸಿದರು. ಸಾಕುತಾಯಿಯ ಮಡಿಲು ಸೇರಿದ ಮಕ್ಕಳ ಬುದ್ಧಿ, ಮಾತು, ನಂಟು ಚೇತರಿಸಿಕೊಂಡವು. ಎರಡು ವರ್ಷ ತುಂಬುವುದರೊಳಗೆ ಸೇರಿದವರಲ್ಲಿ ಚೇತರಿಕೆ ಹೆಚ್ಚಾಗಿತ್ತು. ಹಾಲು, ಹಾಸಿಗೆ, ಬಟ್ಟೆ ಆ ಮನೆಗಳಲ್ಲೂ ಇತ್ತು. ಇಲ್ಲದೆ ಹೋದದ್ದು ದಿನವೂ ಬರುವ ಅದೇ ಮುಖ.

ಹಾಗಾದರೆ ಸೇವೆಯೇ ಬೇಡವೇ ಎಂದು ನೀನು ಕೇಳುತ್ತೀ, ನಿನ್ನ ದನಿ ನನಗೆ ಈಗಲೇ ಕೇಳಿಸುತ್ತಿದೆ. ಬೇಕು. ನೀನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವಳು. ಮಾತು ಬಾರದ, ಕಿವಿ ಕೇಳದ ಮಗುವಿನ ಜೊತೆ ಹೇಗೆ ಕೆಲಸ ಮಾಡಬೇಕೆಂದು ಗೊತ್ತಿರುವ ಕೈಗಳು ನಿನ್ನವು. ಆ ವಿದ್ಯೆಯನ್ನು ನೇಪಾಳದ ಟೀಚರಿಗೆ, ಆಯಾಗೆ, ಮಗುವಿನ ತಾಯಿಗೆ ಕಲಿಸು. ನೀನು ಮರಳಿ ಬಂದ ಮೇಲೂ ಅವರು ಅಲ್ಲೇ ಇರುತ್ತಾರೆ. ಅವರಲ್ಲಿ ಒಬ್ಬಳಿಗೆ ನೀನು ಚೆನ್ನಾಗಿ ಕಲಿಸಿದರೆ ಅವಳ ಕೈಯಲ್ಲಿ ಎಷ್ಟು ಮಕ್ಕಳು ಮಾತು ಕಲಿತಾವು! ಅಳಿಯಂದಿರು ಲೆಕ್ಕಪತ್ರದ ಸಾಫ್ಟ್‌ವೇರ್ ಬಲ್ಲವರು. ಮಕ್ಕಳ ಊರು ಹುಡುಕಿ ಮನೆಗೆ ಮುಟ್ಟಿಸುವ ಸಂಸ್ಥೆಗಳಿಗೆ ದಾಖಲೆ ಇಡುವುದೇ ದೊಡ್ಡ ಕೆಲಸ, ಯಾವ ಮಗು ಯಾವ ಹಳ್ಳಿಯದು, ಯಾರು ಯಾವಾಗ ಹೋಗಿ ನೋಡಿ ಬಂದರು ಎಂಬ ಲೆಕ್ಕ. ಫೋಟೋದಲ್ಲಿ ಬಾರದ ಕೆಲಸ ಇದು, ಆದರೆ ಒಂದು ಮಗು ಮನೆಗೆ ಮರಳುವುದು ಇದರಿಂದಲೇ. ನಿಮ್ಮಂಥ ನುರಿತವರನ್ನು ದೀರ್ಘ ಕಾಲಕ್ಕೆ ಕಳಿಸುವ ವ್ಯವಸ್ಥೆಗಳೂ ಇವೆ. ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗ 1970ರಿಂದ ಇದೆ, ಬ್ರಿಟನ್ನಿನ ವಿಎಸ್ಒ 1958ರಿಂದ. ಅವರು ಕೇಳುವುದು ತಿಂಗಳುಗಳನ್ನು, ವರ್ಷವನ್ನು. ಅದು ಸರಿಯಾದದ್ದೇ.

ಇನ್ನು ನಿನ್ನ ದೇಹದ ಮಾತು. ನರ್ಸಾಗಿ ಹೇಳುತ್ತೇನೆ, ದೊಡ್ಡಮ್ಮನಾಗಿ ಕೂಡ. ಅಳಿಯಂದಿರೂ ಓದಲಿ, ಇದು ಹೆಂಗಸರ ವಿಷಯ ಎಂದು ಪುಟ ತಿರುಗಿಸುವುದು ಬೇಡ.

ಬಸಿರಾಗುವ ಯೋಚನೆ ಇದ್ದರೆ ಮೊದಲು ರುಬೆಲ್ಲಾ ರಕ್ತಪರೀಕ್ಷೆ ಮಾಡಿಸು. ನಮ್ಮ ರಾಜ್ಯದಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದದ್ದು ಹದಿನೈದರೊಳಗಿನ ಮಕ್ಕಳಿಗೆ, ನೀನು ಆಗಲೇ ಕಾಲೇಜಿನಲ್ಲಿದ್ದೆ. ನಿನ್ನ ವಾರಿಗೆಯ ಎಷ್ಟೋ ಹುಡುಗಿಯರಿಗೆ ಆ ಲಸಿಕೆ ಸಿಕ್ಕಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸಿರಾಗಬಾರದು. ಬಸಿರಾದ ಮೇಲಂತೂ ಆ ಲಸಿಕೆ ಹಾಕುವುದೇ ಇಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನೂ ಬಸಿರಿಗೆ ಒಂದು ತಿಂಗಳಾದರೂ ಮೊದಲೇ ಶುರುಮಾಡಬೇಕು.

ಎರಡನೆಯದು ಸಿಎಂವಿ ಎಂಬ ವೈರಸ್. ಪುಟ್ಟ ಮಕ್ಕಳ ಜೊಲ್ಲು, ಮೂತ್ರದಲ್ಲಿ ಇರುತ್ತದೆ, ಮಕ್ಕಳಿಗೆ ಏನೂ ಆಗಿರುವುದಿಲ್ಲ. ಬಸುರಿಗೆ ತಗುಲಿದರೆ ಹೊಟ್ಟೆಯ ಮಗುವಿಗೆ ಕಿವುಡುತನ ಬರಬಹುದು. ಕಿವುಡು ಮಕ್ಕಳ ಜೊತೆ ದುಡಿಯುವ ನಿನಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ಇದಕ್ಕೆ ಲಸಿಕೆ ಇಲ್ಲ, ಸೋಪಿನಲ್ಲಿ ಕೈ ತೊಳೆಯುವುದು, ಮಗುವಿನ ಎಂಜಲು ಚಮಚ ಬಾಯಿಗಿಡದಿರುವುದು ಇಷ್ಟೇ ದಾರಿ.

ಮೂರನೆಯದಕ್ಕೆ ನಾನು ಹೆಚ್ಚು ಹೆದರುತ್ತೇನೆ. ಕಠ್ಮಂಡು ಕಣಿವೆಯಲ್ಲಿ ಹೆಪಟೈಟಿಸ್ ಇ ಮತ್ತೆಮತ್ತೆ ಹರಡಿದ ಇತಿಹಾಸವಿದೆ. ಕೊಳಕಾದ ನೀರಿನಿಂದ ಬರುವ ಕಾಮಾಲೆ ಅದು. ಉಳಿದವರು ಮಲಗಿ ಎದ್ದುಬಿಡುತ್ತಾರೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ಐವರಲ್ಲಿ ಒಬ್ಬ ತಾಯಿಯನ್ನು ಕೊಂಡೊಯ್ಯುವಷ್ಟು ಕ್ರೂರಿ. ನಮ್ಮ ದೇಶದಲ್ಲಿ ಅದಕ್ಕೆ ಸಾಮಾನ್ಯವಾಗಿ ಸಿಗುವ ಲಸಿಕೆ ಇಲ್ಲ. ಹಾಗಾಗಿ ಹೊಟ್ಟೆಯಲ್ಲಿ ಮಗು ಇರುವಾಗ ಅತ್ತ ಕಡೆ ಪ್ರಯಾಣ ಬೇಡ, ಇದರಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಆ ತಿಂಗಳುಗಳಲ್ಲಿ ಅಲ್ಲಿಯ ಟೀಚರುಗಳಿಗೆ ವಿಡಿಯೋ ಕಾಲಿನಲ್ಲೇ ಪಾಠ ಹೇಳಬಹುದು, ವಾರಕ್ಕೊಂದು ಗಂಟೆಯಾದರೂ ವರ್ಷವಿಡೀ ತಪ್ಪದೆ.

ಮಗು ಹುಟ್ಟಿದ ಮೇಲೆ? ರೊಮೇನಿಯಾದ ಮಕ್ಕಳಿಗೆ ಹೇಳಿದ ಎರಡು ವರ್ಷದ ಮಾತು ನಿಮ್ಮ ಮಗುವಿಗೂ ಸಲ್ಲುತ್ತದೆ. ಆ ಎರಡು ವರ್ಷ ಅದರ ಸುತ್ತ ನಾಲ್ಕಾರು ಖಾಯಂ ಮುಖಗಳಿರಲಿ, ಅಪ್ಪನದೂ ಸೇರಿ. ತಾಯಿಯೊಬ್ಬಳೇ ಅಂಟಿಕೊಂಡಿರಬೇಕು ಎಂದು ನಾನು ಹೇಳುತ್ತಿಲ್ಲ, ಅಜ್ಜಿಯಿರಲಿ, ನಂಬಿಕೆಯ ಆಯಾ ಇರಲಿ, ಆದರೆ ತಿಂಗಳಿಗೊಬ್ಬರು ಬೇಡ. ಬೇರೆಯವರ ಮಕ್ಕಳ ಸೇವೆಗೆ ಓಡಾಡಿ ತಮ್ಮ ಮಗುವಿಗೇ ಅಪರಿಚಿತರಾದವರನ್ನು ನಾನು ಕಂಡಿದ್ದೇನೆ. ಮಗು ಶಾಲೆಗೆ ಹೋಗುವ ವಯಸ್ಸಾದ ಮೇಲೆ ಮೂವರೂ ಒಂದು ವರ್ಷಕ್ಕೆ ಕಠ್ಮಂಡುವಿಗೆ ಹೋಗಿ ನೆಲೆಸಿ. ಅಲ್ಲಿಯ ಶಾಲೆಗೇ ಮಗುವನ್ನು ಸೇರಿಸಿ. ಪಶುಪತಿನಾಥನ ಪೂಜೆಗೆ ನಮ್ಮ ಕರ್ನಾಟಕದ ಭಟ್ಟರು ಶತಮಾನಗಳಿಂದ ಹೋಗಿ ಉಳಿದ ಊರು ಅದು, ನಿಮಗೂ ಜಾಗವಿರುತ್ತದೆ.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳುತ್ತೇನೆ. ತಿಂಗಳು ತಿಂಗಳು ಕಾದು ಸುಸ್ತಾಗಿದ್ದೀಯ ಎಂದು ನಿಮ್ಮಮ್ಮ ಹೇಳದಿದ್ದರೂ ನನಗೆ ತಿಳಿಯಿತು. ಆ ನೋವನ್ನು ತಣಿಸಲು ಅಲ್ಲಿಯ ಮಕ್ಕಳನ್ನು ಎತ್ತಿಕೊಳ್ಳಬೇಡ. ನಿನ್ನ ಬಯಕೆಯಲ್ಲಿ ದೋಷವಿಲ್ಲ, ಆದರೆ ಅದನ್ನು ಹೊರುವ ಭಾರ ಆ ಕೂಸುಗಳ ಮೇಲೆ ಬೀಳಬಾರದು. ಡಾಕ್ಟರನ್ನು ಕಾಣು, ಇಬ್ಬರೂ ಹೋಗಿ. ದತ್ತು ತೆಗೆದುಕೊಳ್ಳುವ ಮನಸ್ಸಾದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ಹೆಸರು ನೋಂದಾಯಿಸಿ, ಮದುವೆಯಾಗಿ ಎರಡು ವರ್ಷ ಆಗಿರಬೇಕು, ಕಾಯುವುದು ದೀರ್ಘವಾದೀತು. ಅದು ಉಳಿಯುವವರ ದಾರಿ, ನಿಮಗೆ ಸಲ್ಲುತ್ತದೆ.

ವಿಮಾನದ ಟಿಕೆಟ್ಟಿಗೆ, ಆ ಮನೆಯವರು ಕೇಳಿದ ಶುಲ್ಕಕ್ಕೆ ತೆಗೆದಿಟ್ಟ ಹಣ ಏನು ಮಾಡುವುದು ಎಂದು ಕೇಳಬೇಡಿ. ನಮ್ಮಲ್ಲೇ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಕಷ್ಟದಲ್ಲಿರುವ ಮಗು ತನ್ನ ಮನೆಯಲ್ಲೇ ಉಳಿಯಲೆಂದು ತಿಂಗಳಿಗೆ ₹4,000 ಕೊಡುತ್ತಾರೆ. ಒಂದು ಮಗುವನ್ನು ತಾಯಿಯ ಬಳಿಯೇ ಉಳಿಸಲು ಎಷ್ಟು ಸಾಕಾಗುತ್ತದೆ ಎಂಬುದು ಆ ಅಂಕಿಯಿಂದ ಗೊತ್ತಾಗುತ್ತದೆ. ನೇಪಾಳದಲ್ಲಿ ಮಕ್ಕಳನ್ನು ಹಳ್ಳಿಗೆ ಮುಟ್ಟಿಸುವವರಿಗೆ ಕೊಡಿ, ಇಲ್ಲಿಯ ಒಂದು ಮನೆಗಾದರೂ ಕೊಡಿ.

ಈಗ ಮಾಡಬೇಕಾದದ್ದು ಇಷ್ಟು. ನೀವು ಮಾತಾಡಿಟ್ಟಿರುವ ಆ ಮನೆಯವರಿಗೆ ನಾಳೆಯೇ ಬರೆದು ಕೇಳಿ. ನಿಮ್ಮಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿಯ ತಂದೆತಾಯಿ ಬದುಕಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಮಕ್ಕಳನ್ನು ನೋಡಿಕೊಳ್ಳುವವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ನಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ಯಾಕೆ ಕೇಳಿಲ್ಲ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಇಬ್ಬರೂ ಎರಡು ಸಲ ಓದಿ. ಏನೂ ವಿಚಾರಿಸದೆ ನಿಮ್ಮನ್ನು ಮಕ್ಕಳ ಬಳಿ ಬಿಡುವವರು ಬೇರೆ ಯಾರನ್ನಾದರೂ ಹಾಗೆಯೇ ಬಿಡುತ್ತಾರೆ. ಉತ್ತರ ಬಂದ ಮೇಲೆ ನನಗೆ ಫೋನ್ ಮಾಡಿ, ಟಿಕೆಟ್ಟಿನ ವಿಷಯ ಆಮೇಲೆ ಮಾತಾಡೋಣ.

ನಿಮ್ಮ ದೊಡ್ಡಮ್ಮ