ಹನ್ನೊಂದು ಪದಾರ್ಥ ಬಿಡಿಸಿದ ರಿಪೋರ್ಟು

ಪ್ರಶ್ನೆ: ಅಕ್ಕಾ, ನಾವು ಕೊಟ್ಟಿಗೆಹಾರದವರು. ರಸ್ತೆ ಬದಿಯಲ್ಲಿ ಚಿಕ್ಕ ಹೋಟೆಲ್ ಇದೆ. ನೀರ್‌ದೋಸೆ, ಚಟ್ನಿ, ಕೋಳಿಸಾರು ಮಾಡುತ್ತೇವೆ. ಮಗನಿಗೆ ಎಂಟು ವರ್ಷ. ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶದಲ್ಲಿ ಕಡ್ಲೆಬೀಜದ ಉಂಡೆ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರು ಎಳೆಯತೊಡಗಿದ. ಜೀಪಿನಲ್ಲಿ ಆಸ್ಪತ್ರೆಗೆ ಓಡಿದೆವು, ಉಳಿದುಕೊಂಡ. ಆಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಹನ್ನೊಂದು ಪದಾರ್ಥಕ್ಕೆ ಅಲರ್ಜಿ ಅಂತ ಬಂತು. ಹಾಲು, ಗೋಧಿ, ಕಡಲೆ, ಬದನೆ, ಏಡಿ ಎಲ್ಲ ಅದರಲ್ಲಿವೆ. ಎಲ್ಲವನ್ನೂ ಬಿಡಿಸಿದ್ದೇನೆ, ಶಾಲೆಯ ಹಾಲನ್ನೂ. ಮಗ ಸೊರಗಿ ಕಡ್ಡಿಯಾಗಿದ್ದಾನೆ. ಅತ್ತೆ ‘ಇದೆಲ್ಲ ನಂಜು, ನಮ್ಮ ಕಾಲದಲ್ಲಿ ಯಾರಿಗಿತ್ತು ಅಲರ್ಜಿ’ ಅನ್ನುತ್ತಾರೆ. ಹೋಟೆಲಿನ ಮಿಕ್ಸಿಯಲ್ಲೇ ಮನೆಯ ಚಟ್ನಿಯೂ ಆಗಬೇಕು. ಚಿಕ್ಕವಳಿಗೆ ಆರು ತಿಂಗಳು, ಅವಳಿಗೂ ಕಡ್ಲೆಬೀಜ ಮುಟ್ಟಿಸಬಾರದೇ? ಡಾಕ್ಟರು ‘ಅವಾಯ್ಡ್ ಮಾಡಿ’ ಅಂದು ಸುಮ್ಮನಾಗುತ್ತಾರೆ. ಇದರ ಮೇಲೆ ಸಂಶೋಧನೆ ಮಾಡುವವರು ಯಾರಾದರೂ ಇದ್ದಾರಾ? ಇದ್ದರೆ ನಮ್ಮಂಥವರ ಮಾತು ಕೇಳುತ್ತಾರಾ?
– ಹೆಸರು ಬೇಡ, ಕೊಟ್ಟಿಗೆಹಾರ

ಉತ್ತರ: ತಂಗೀ, ಮೊದಲು ಆ ರಿಪೋರ್ಟಿನ ವಿಷಯ ಮುಗಿಸೋಣ. ಮಗನ ತಟ್ಟೆ ಖಾಲಿ ಮಾಡಿಸಿದ್ದು ಅದೇ.

ರಕ್ತದಲ್ಲಿ ನೋಡುವುದು ಐಜಿಇ ಎಂಬ ಪ್ರತಿಕಾಯವನ್ನು. ಅದು ಇದೆ ಎಂದರೆ ಮೈ ಆ ಪದಾರ್ಥವನ್ನು ಗುರುತು ಹಿಡಿದಿದೆ ಎಂದಷ್ಟೇ ಅರ್ಥ. ನಿಮ್ಮೂರ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದುಕೊಂಡ ಮಾತ್ರಕ್ಕೆ ಒಳಗೆ ಕೂತವರು ಕಳ್ಳರಾಗುವುದಿಲ್ಲವಲ್ಲ. ತಿಂದಾಗ ಏನಾಯಿತು ಎಂಬುದೇ ಅಲರ್ಜಿಗೆ ಸಾಕ್ಷಿ. ಮೈಸೂರಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ನಮ್ಮ ಕರ್ನಾಟಕದಲ್ಲೇ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪ್ರಶ್ನಿಸಿ, ಅವರಲ್ಲಿ ಕೆಲವು ನೂರು ಜನರನ್ನು ಪರೀಕ್ಷಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ನೂರಕ್ಕೆ 26.5. ನಿಜವಾಗಿ ಅಲರ್ಜಿ ಇರಬಹುದೆಂದು ತೋರಿದ್ದು ನೂರಕ್ಕೆ 1.2 ಮಾತ್ರ. ಉಳಿದವರೆಲ್ಲ ಲ್ಯಾಬಿಗೆ ಹೋಗಿದ್ದರೆ ನಿಮ್ಮ ಮಗನ ಹಾಗೆಯೇ ಉದ್ದದ ಪಟ್ಟಿ ಹಿಡಿದು ಮನೆಗೆ ಬರುತ್ತಿದ್ದರು!

ಕಡ್ಲೆಬೀಜದ ವಿಷಯದಲ್ಲಿ ಅನುಮಾನ ಬೇಡ. ತಿಂದ ಕೂಡಲೇ ಆಗಿದೆ, ಪರೀಕ್ಷೆಯೂ ಹೌದೆಂದಿದೆ, ಅದು ಬಿಟ್ಟಂತೆಯೇ ಇರಲಿ. ಉಳಿದ ಹತ್ತರ ಬಗ್ಗೆ ಒಂದೊಂದಾಗಿ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಗೃಹಪ್ರವೇಶಕ್ಕೆ ಮುಂಚೆ ಇದನ್ನು ಅವನು ತಿನ್ನುತ್ತಿದ್ದನೇ, ತಿಂದಾಗ ಏನಾದರೂ ಆಗಿತ್ತೇ? ಹಾಲು ಕುಡಿದು, ಚಪಾತಿ ತಿಂದು ಆಡಿಕೊಂಡಿದ್ದರೆ ಅವನ್ನು ತಿರುಗಿ ಕೊಡುವ ದಾರಿ ಬಹುತೇಕ ತೆರೆದೇ ಇದೆ. ಆದರೆ ತಿಂಗಳುಗಟ್ಟಲೆ ಬಿಡಿಸಿದ್ದನ್ನು ಮನೆಯಲ್ಲಿ ನೀವಾಗಿಯೇ ಶುರು ಮಾಡಬೇಡಿ. ಬಿಟ್ಟು ಬಹಳ ದಿನವಾದ ಆಹಾರ ಕೆಲವು ಮಕ್ಕಳಲ್ಲಿ ಹೊಸದಾಗಿ ತೊಂದರೆ ಕೊಡುತ್ತದೆ. ಮೈಸೂರು, ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲಿ ಅಲರ್ಜಿ ತಿಳಿದ ವೈದ್ಯರ ಹತ್ತಿರ ಹೋದರೆ, ಆಸ್ಪತ್ರೆಯಲ್ಲೇ ಕೂರಿಸಿ ಚೂರು ಚೂರಾಗಿ ತಿನ್ನಿಸಿ ನೋಡುವ ಕ್ರಮವಿದೆ. ಒಂದು ದಿನ ಹೋಟೆಲ್ ಬಾಗಿಲು ಹಾಕಿದರೂ ಪರವಾಗಿಲ್ಲ, ಹೋಗಿ ಬನ್ನಿ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಅಷ್ಟೇ ಆಗುವುದಾದರೆ ಅದು ಬೇರೆಯೇ ಕಥೆ. ಹಾಲಿನ ಸಕ್ಕರೆ ಅರಗದ ತೊಂದರೆ ಅದು, ಜೀವಕ್ಕೆ ಅಪಾಯವಿಲ್ಲ. 1981ರ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದ ದಕ್ಷಿಣ ಭಾರತದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಈ ತೊಂದರೆ ಕಂಡಿತ್ತು. ಅಂಥವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಅತ್ತೆಯ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ಅರ್ಧ ನಿಜವಿದೆ. ಏಳರಿಂದ ಹತ್ತು ವರ್ಷದ ಶಾಲಾಮಕ್ಕಳನ್ನು ಚೀನಾ, ರಷ್ಯಾ, ಭಾರತಗಳಲ್ಲಿ ಹೋಲಿಸಿದ ಅಧ್ಯಯನದಲ್ಲಿ ಹಾಂಗ್‌ಕಾಂಗ್‌ನಲ್ಲಿ ನೂರಕ್ಕೆ 1.5 ಇದ್ದ ಆಹಾರ ಅಲರ್ಜಿ, ನಮ್ಮ ಮಕ್ಕಳಲ್ಲಿ 0.14 ಇತ್ತು. ಅತ್ತೆ ಕಂಡಿರದಿದ್ದರೆ ಆಶ್ಚರ್ಯವಿಲ್ಲ. ಬದನೆ ನಂಜು ಎಂದರೂ ನಗಬೇಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ವೈದ್ಯರ ಜೊತೆ ಸೇರಿ ಬದನೆಕಾಯಿ ಅಲರ್ಜಿಯನ್ನೇ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಬದನೆಯಲ್ಲಿರುವ ಹಿಸ್ಟಮಿನ್‌ನಂಥ ಪದಾರ್ಥಗಳು ಅಲರ್ಜಿ ಇಲ್ಲದವರಿಗೂ ತುರಿಕೆ ತರಬಲ್ಲವು. ಅತ್ತೆಗೆ ನೀವು ತಿಳಿಸಬೇಕಾದ್ದು ಒಂದೇ: ನಂಜಾದರೆ ಕೆರೆತ, ಇವನಿಗೆ ಆದದ್ದು ಉಸಿರು ಕಟ್ಟುವ ಕಾಯಿಲೆ. ಒಂದು ಬೀಜ ತಿಂದರೆ ಏನಾಗುತ್ತದೆ ಎಂದು ಪ್ರೀತಿಯಿಂದ ಬಾಯಿಗಿಡಬಾರದು.

ಈಗ ಭಯದ ವಿಷಯ. ಇನ್ನೊಮ್ಮೆ ಹಾಗಾದರೆ ಬೇಕಾದ ಮೊದಲ ಔಷಧ ಆಡ್ರಿನಲಿನ್. ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಅದು. ನಮ್ಮಲ್ಲಿ ಅಲರ್ಜಿ ಎಂದೊಡನೆ ಎವಿಲ್ ಕೊಡುವ ರೂಢಿಯಿದೆ. ಎವಿಲ್ ತುರಿಕೆ ಇಳಿಸುತ್ತದೆ. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ಅದು ತೆರೆಯುವುದಿಲ್ಲ, ಬೀಳುತ್ತಿರುವ ರಕ್ತದೊತ್ತಡವನ್ನು ಎತ್ತುವುದೂ ಇಲ್ಲ. ವಿದೇಶದಲ್ಲಿ ಮಕ್ಕಳು ಜೇಬಿನಲ್ಲಿಟ್ಟುಕೊಳ್ಳುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಔಷಧದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗಾಜಿನ ಆಂಪ್ಯೂಲ್ ಸಿಗುತ್ತದೆ, ಬೆಲೆಯೂ ಕಡಿಮೆ. ಮಗನ ತೂಕಕ್ಕೆ ಎಷ್ಟು ಎಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೆಯುವುದನ್ನು ನೀವೂ ಯಜಮಾನರೂ ಅವರ ಮುಂದೆಯೇ ಮಾಡಿ ಕಲಿಯಿರಿ. ಬಣಕಲ್ ದಾಟಿ ಮೂಡಿಗೆರೆ ಮುಟ್ಟುವ ಹೊತ್ತನ್ನು ಅದು ಉಳಿಸುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನಿಮಗೆ ನಾನು ನೆನಪಿಸಬೇಕಿಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಫೋನೂ ಹತ್ತುವುದಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಎರಡನೆಯ ಅಲೆ ಬರುವುದುಂಟು. ತಲೆಸುತ್ತು ಬಂದರೆ ಮಲಗಿಸಿ ಕಾಲು ಎತ್ತಿಡಿ. ಉಸಿರಿಗೆ ಕಷ್ಟವಾದರೆ ಕೂತಿರಲಿ. ಎದ್ದು ನಡೆಯಲು ಮಾತ್ರ ಬಿಡಬೇಡಿ.

ಮಿಕ್ಸಿಗೆ ಬರೋಣ. ಕಾಯಿಚಟ್ನಿಗೆ ಕಾಯಿ ಸಾಲದ ದಿನ ಕಡ್ಲೆಬೀಜ ಹಾಕುವುದು ಹೋಟೆಲಿನವರಿಗೆಲ್ಲ ಗೊತ್ತಿರುವ ಉಪಾಯ, ನೀವೂ ಮಾಡುತ್ತಿರಬಹುದು. ಜಾರನ್ನು ಬಗ್ಗಿಸಿ ಬ್ಲೇಡಿನ ಕೆಳಗೆ ಬೆರಳಾಡಿಸಿ ನೋಡಿ, ಮುಚ್ಚಳದ ರಬ್ಬರ್ ವಾಷರ್ ಎಬ್ಬಿಸಿ ನೋಡಿ. ಹಿಂದಿನ ದಿನದ ಚಟ್ನಿ ಅಲ್ಲಿ ಪಾಚಿಯಂತೆ ಅಂಟಿರುತ್ತದೆ. ಬರೀ ನೀರು ಸುರಿದರೆ ಕಡ್ಲೆಬೀಜದ ಪ್ರೋಟೀನು ಹೋಗುವುದಿಲ್ಲ. ಕೈ ತೊಳೆಯುವಾಗಲೂ ಅಷ್ಟೆ, ಸೋಪು ಬೇಕು, ಸ್ಯಾನಿಟೈಸರ್ ಪ್ರಯೋಜನವಿಲ್ಲ. ಅವನಿಗೆ ಒಂದು ಜಾರು, ಒಂದು ಸೌಟು ಬೇರೆಯೇ ಇಡಿ. ಇನ್ನೂ ಒಳ್ಳೆಯದೆಂದರೆ ಹೋಟೆಲಿನ ಚಟ್ನಿಯಿಂದಲೇ ಕಡ್ಲೆಬೀಜ ತೆಗೆದುಬಿಡಿ. ನೀರ್‌ದೋಸೆಗೆ ಅದು ಬೇಕಾಗಿಯೂ ಇಲ್ಲ.

ಶಾಲೆಗೆ ಬಾಯಿಮಾತು ಸಾಲದು. ಕ್ಷೀರಭಾಗ್ಯದ ಹಾಲು 2013ರಿಂದ ಬರುತ್ತಿದೆ, ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಬಂದಿವೆ, ಕೆಲಕಾಲ ಕಡ್ಲೆಬೀಜದ ಚಿಕ್ಕಿಯೂ ಇತ್ತು. ಮುಖ್ಯೋಪಾಧ್ಯಾಯರಿಗೆ ವೈದ್ಯರ ಚೀಟಿ ಕೊಡಿ, ಅಡುಗೆಯವರಿಗೆ ನೀವೇ ಹೋಗಿ ತಿಳಿಸಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಂಶೋಧನೆ ನಡೆಯುತ್ತಿದೆ. ಯಾವುದನ್ನು ಮೊದಲು ಮಾಡಬೇಕು ಎಂದು ಗೊತ್ತುಮಾಡುವಾಗ ಯಾರ ಮಾತು ನಡೆಯುತ್ತದೆ ಎಂಬಲ್ಲಿಯೇ ಜಗಳ ಇರುವುದು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಕೆಲವು ವರ್ಷಗಳ ಹಿಂದೆ ಅಲರ್ಜಿ ಇದ್ದವರನ್ನೂ ಅವರ ಮನೆಯವರನ್ನೂ ವೈದ್ಯರನ್ನೂ ಆಹಾರ ವ್ಯಾಪಾರದವರನ್ನೂ ಕೇಳಿ, ಮೊದಲು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ಪಟ್ಟಿ ಮಾಡಿತು. ನಮ್ಮಲ್ಲಿಯೂ ಹಾಗೆ ಆಗಬೇಕೆಂದು ನಾನು ಹೇಳುತ್ತೇನೆ. ಎರವಲು ಪಟ್ಟಿಯಲ್ಲಿ ನಮ್ಮ ಅಡುಗೆಮನೆ ಇರುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ ನೋಡಿ. ಗ್ಲುಟೆನ್ ಇರುವ ಧಾನ್ಯ, ಏಡಿ–ಸಿಗಡಿ, ಹಾಲು, ಮೊಟ್ಟೆ, ಮೀನು, ಕಡ್ಲೆಬೀಜ, ಗೋಡಂಬಿ–ಬಾದಾಮಿಯಂಥವು, ಸೋಯಾ, ಸಲ್ಫೈಟು ಇದ್ದರೆ ಪೊಟ್ಟಣದ ಮೇಲೆ ಬರೆಯಬೇಕು. ಕಡಲೆ ಅದರಲ್ಲಿಲ್ಲ. ಕಡಲೆ ನಮ್ಮ ಉಪಖಂಡದಲ್ಲಿ ಮುಖ್ಯ ಅಲರ್ಜಿಕಾರಕ ಎಂದು ಮುಂಬೈಯ ವೈದ್ಯರು 2001ರಲ್ಲೇ ಬರೆದಿದ್ದರು. ನಮ್ಮ ಬೋಂಡ, ಬಜ್ಜಿ, ಖಾರ ಎಲ್ಲ ಕಡಲೆಹಿಟ್ಟಿನವೇ ಅಲ್ಲವೇ? ಹೋಟೆಲಿನ ಮೆನುವಿನಲ್ಲಿ ಅಲರ್ಜಿ ವಿವರ ಬರೆಯುವ ನಿಯಮ ಕೇಂದ್ರ ಲೈಸೆನ್ಸ್ ಇದ್ದವರಿಗೆ ಅಥವಾ ಹತ್ತು ಇಲ್ಲವೇ ಹೆಚ್ಚು ಕಡೆ ಶಾಖೆ ಇದ್ದವರಿಗೆ, ನಿಮಗಲ್ಲ.

ಅಡುಗೆಮನೆಯ ಪ್ರಶ್ನೆಯಿಂದ ವೈದ್ಯರ ಸಲಹೆಯೇ ತಲೆಕೆಳಗಾದ ಉದಾಹರಣೆ ಕೇಳಿ. ಇಸ್ರೇಲಿನ ಮಕ್ಕಳು ಹಲ್ಲು ಬರುವ ಮೊದಲೇ ಕಡ್ಲೆಬೀಜದ ಕುರುಕಲು ಚೀಪುತ್ತಾರೆ. ಲಂಡನ್ನಿನ ಯಹೂದಿ ಮಕ್ಕಳಿಗೆ ಅದನ್ನು ಕೊಡುತ್ತಿರಲಿಲ್ಲ. ಅಲರ್ಜಿ ಲಂಡನ್ನಿನವರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಯಾಕೆ ಎಂದು ಕೇಳಿದವರು 640 ಶಿಶುಗಳ ಮೇಲೆ ಅಧ್ಯಯನ ನಡೆಸಿ 2015ರಲ್ಲಿ ತೋರಿಸಿದರು: ಅಪಾಯ ಹೆಚ್ಚಿರುವ ಮಕ್ಕಳಿಗೂ ಬೇಗ ಶುರುಮಾಡಿ ಬಿಡದೆ ಕೊಟ್ಟರೆ ಅಲರ್ಜಿ ನೂರಕ್ಕೆ ಎಂಬತ್ತರಷ್ಟು ಕಡಿಮೆ. ಆದ್ದರಿಂದ ಚಿಕ್ಕವಳಿಗೆ ಮುಟ್ಟಿಸಬಾರದು ಎಂಬುದು ಹಳೆಯ ಮಾತು. ಅವಳಿಗೆ ಜೋರಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ಪರೀಕ್ಷೆ ಆಗಲಿ. ಇಲ್ಲದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ, ನುಣ್ಣಗೆ ಅರೆದದ್ದನ್ನು ರಾಗಿ ಸರಿಯಲ್ಲಿ ಕಲಸಿ ಕೊಡಬಹುದು. ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಣ್ಣ ಶಾಲೆಗೆ ಹೋದ ಹೊತ್ತಿನಲ್ಲಿ ತಿನ್ನಿಸಿ, ಆ ಬಟ್ಟಲು ಚಮಚ ಸೋಪು ಹಾಕಿ ತೊಳೆದಿಡಿ.

ಮಲೆನಾಡಿನಿಂದ ಹೋಗಬೇಕಾದ ಪ್ರಶ್ನೆಗಳು ನನಗೂ ಇವೆ. ಏಡಿ–ಸಿಗಡಿಯಲ್ಲಿರುವ ಅಲರ್ಜಿಯ ಪ್ರೋಟೀನಿನ ಜೋಡಿ ಹಾಸಿಗೆಯ ಧೂಳಿನ ನುಸಿಯಲ್ಲೂ ಇದೆ. ವರ್ಷಕ್ಕೆ ಅರ್ಧ ಕಾಲ ತೇವ ಆರದ ನಮ್ಮ ಮನೆಗಳ ಮಕ್ಕಳಿಗೆ ಗದ್ದೆ ಏಡಿಗೆ ಐಜಿಇ ಬರುವುದು ಅದರಿಂದಲೋ? ಉಣುಗು ಕಚ್ಚಿದವರಲ್ಲಿ ಕೆಲವರಿಗೆ ಕುರಿ, ಹಂದಿ, ದನದ ಮಾಂಸ ತಿಂದ ಹಲವು ಗಂಟೆಗಳ ಮೇಲೆ, ನಡುರಾತ್ರಿ, ಅಲರ್ಜಿ ಬರುವುದು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಂಡಿದೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ನಾಡಿನಲ್ಲಿ ಅದನ್ನು ಹುಡುಕಬೇಡವೇ? ಆದರೆ ಸಾಲಿನಲ್ಲಿ ಮೊದಲು ನಿಲ್ಲಿಸಬೇಕಾದ್ದು ಯಾವುದು ಎಂದರೆ ಈ ಎರಡೂ ಅಲ್ಲ. ದದ್ದು ಎದ್ದ ಘಳಿಗೆಯಿಂದ ತೊಡೆಗೆ ಆಡ್ರಿನಲಿನ್ ಬೀಳುವವರೆಗೆ ನಮ್ಮ ಘಟ್ಟದೂರುಗಳಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಅದನ್ನು ತಗ್ಗಿಸುವುದು ಹೇಗೆ? ಲಸಿಕೆ ಹಾಕುವಾಗ ಜೊತೆಗಿಡುವ ಆಡ್ರಿನಲಿನ್ ಕಿಟ್ ಶಾಲೆಯಲ್ಲೂ ಇರಬಹುದೇ? ಎರಡನೆಯದು ನಿಮ್ಮ ರಿಪೋರ್ಟಿನದು: ಬರೀ ರಕ್ತಪರೀಕ್ಷೆ ನಂಬಿ ಎಷ್ಟು ಮಕ್ಕಳು ಉಪವಾಸ ಬಿದ್ದಿದ್ದಾರೆ?

ಇವನ್ನೂ ನಿಮ್ಮ ಮಿಕ್ಸಿಯದನ್ನೂ ಕನ್ನಡದಲ್ಲೇ ಬರೆದು ಎರಡು ಪ್ರತಿ ಮಾಡಿ. ಒಂದು ಮೈಸೂರಿನ ಸಿಎಫ್‌ಟಿಆರ್‌ಐ ನಿರ್ದೇಶಕರಿಗೆ, ಇನ್ನೊಂದು ಚಿಕ್ಕಮಗಳೂರಿನ ಆಹಾರ ಸುರಕ್ಷತಾ ಅಧಿಕಾರಿಗೆ ಕಳಿಸಿ. ಎಫ್‌ಎಸ್‌ಎಸ್‌ಎಐ ಹೊಸ ನಿಯಮದ ಕರಡು ಹೊರಡಿಸಿದಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕೇಳುತ್ತದೆ. ಕಂಪನಿಗಳವರು ತಪ್ಪದೆ ಬರೆಯುತ್ತಾರೆ, ನೀವೂ ಬರೆಯಿರಿ. ಅದಕ್ಕೂ ಮೊದಲು ಮಗನ ತೂಕ ನೋಡಿಸಿ, ಅಲರ್ಜಿ ವೈದ್ಯರ ದಿನಾಂಕ ಗೊತ್ತುಮಾಡಿಕೊಳ್ಳಿ. ಹೋಗುವಾಗ ಆ ರಿಪೋರ್ಟಿನ ಜೊತೆ, ಗೃಹಪ್ರವೇಶಕ್ಕೆ ಮುಂಚೆ ಅವನು ತಿನ್ನುತ್ತಿದ್ದ ಎಲ್ಲವನ್ನೂ ಬರೆದ ಹಾಳೆಯೂ ಇರಲಿ. ಅತ್ತೆಯನ್ನು ಕೂರಿಸಿಕೊಂಡು ಬರೆಯಿರಿ, ಅವರಿಗೆ ಹೆಚ್ಚು ನೆನಪಿರುತ್ತದೆ.