ಐಸಿಗೆ ತಾಗಿಸಬೇಡ, ಮಗಾ

ಶಿವು, ಮೇವು ಕತ್ತರಿಸೋ ಯಂತ್ರ ತಂದಿದ್ದೀಯಂತೆ. ಒಳ್ಳೇದು. ಅದಕ್ಕೆ ಕರೆಂಟು ಕೊಡೋ ಮುಂಚೆ ನಿನ್ನ ದೊಡ್ಡಪ್ಪನಾದ ನನ್ನ ಎಡಗೈ ಒಂದ್ಸಲ ನೋಡು. ತೋರುಬೆರಳು ಹೇಗೆ ಹೋಯಿತು ಅಂತ ನೀನು ಕೇಳಿಲ್ಲ, ನಾನೂ ಹೇಳಿಲ್ಲ.

ಬೆರಳು ತುಂಡಾಗಿ ಬಿದ್ದಾಗ ನಮ್ಮವರು, ಪಾಪ, ಸೋಡಾ ಅಂಗಡಿಯಿಂದ ಐಸು ತಂದು ಚೊಂಬಿಗೆ ಸುರಿದು ಬೆರಳನ್ನು ಅದರೊಳಗೇ ಹಾಕಿದರು. ಬೆಂಗಳೂರಿನ ಡಾಕ್ಟರು ನೋಡಿ ತಲೆಯಾಡಿಸಿದರು. ಐಸು ನೇರ ತಾಗಿ ಚರ್ಮ, ರಕ್ತನಾಳ ಎಲ್ಲ ಸತ್ತಿದ್ದವು. ತುಂಡನ್ನು ಚೊಕ್ಕ ನೀರಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೇಲಿ ಸುತ್ತಿ, ಕವರಿಗೆ ಹಾಕಿ ಬಾಯಿ ಕಟ್ಟಬೇಕಿತ್ತು. ಐಸು ಇರಬೇಕಾದ್ದು ಆ ಕವರಿನ ಹೊರಗೆ. ಹಾಗಿಟ್ಟರೆ ಬೆರಳು 24 ಗಂಟೆವರೆಗೂ ತಾಳಬಹುದು. ತೋಳು ಹಾಗಲ್ಲ, ಅದರ ತುಂಬ ಮಾಂಸಖಂಡ. ತಂಪಿಲ್ಲದೆ ಬಿಟ್ಟರೆ 6 ಗಂಟೆ ದಾಟೋದೇ ಕಷ್ಟ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡ. ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತು, ಅಷ್ಟೇ.

ತುಂಡಾದದ್ದನ್ನು ಮತ್ತೆ ಜೋಡಿಸೋದೇನು ಪವಾಡವಲ್ಲ. 1962ರಲ್ಲೇ ಬಾಸ್ಟನ್ನಿನ ಡಾಕ್ಟರ್ ರೊನಾಲ್ಡ್ ಮಾಲ್ಟ್ ತಂಡ ಹುಡುಗನೊಬ್ಬನ ತುಂಡಾದ ತೋಳು ಜೋಡಿಸಿತ್ತು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು, ತಮಾಯಿ ಅನ್ನೋರು ಹೆಬ್ಬೆರಳನ್ನೇ ಕೂಡಿಸಿದರು. ಮಿಲಿಮೀಟರ್ ಗಾತ್ರದ ರಕ್ತನಾಳ, ಕೂದಲಿಗಿಂತ ಸಣ್ಣ ದಾರ, ಕಣ್ಣಿಗೆ ಸೂಕ್ಷ್ಮದರ್ಶಕ. ಗಾಣಕ್ಕೆ ಸಿಕ್ಕಿ ಜಜ್ಜಿಹೋಗಿದ್ದರೆ, ಅಥವಾ ನನ್ನ ಹಾಗೆ ಒಂದೇ ಬೆರಳಾದರೆ, ಡಾಕ್ಟರು ಬೇಡ ಅನ್ನಬಹುದು, ಕೇಳು. ಹೆಬ್ಬೆರಳಾದರೆ ಮಾತ್ರ ಪಟ್ಟು ಹಿಡಿ, ಅದಿಲ್ಲದೆ ಕುಡುಗೋಲು ನಿಲ್ಲಲ್ಲ.

ಆಸ್ಪತ್ರೇಲಿ ನನ್ನ ಪಕ್ಕದ ಮಂಚದ ಹುಡುಗನಿಗೆ ಹೆಬ್ಬೆರಳು ಜೋಡಿಸಿದ್ದರು. ಹೋದ ರಕ್ತ ವಾಪಸು ಬರದೆ ನೀಲಿಗಟ್ಟಿದಾಗ ಜಿಗಣೆ ಕಚ್ಚಿಸಿದರು! ಗದ್ದೇಲಿ ಕಿತ್ತೆಸೀತಿದ್ದ ಜಿಗಣೆ ಕಣಯ್ಯ. ಬೀಡಿ ಪೂರಾ ಬಂದ್, ಅದರ ಹೊಗೆ ರಕ್ತನಾಳ ಬಿಗಿಯುತ್ತೆ. ನರ ಬೆಳೆಯೋದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಬಿಸಿ ತಣ್ಣಗೆ ತಿಳಿಯೋಕೆ ತಿಂಗಳುಗಳೇ ಬೇಕು. ವ್ಯಾಯಾಮ ಮಾಡಿಸುವಾಗ ಅಳ್ತಿದ್ದ. ಚಳಿಗಾಲಕ್ಕೆ ಈಗಲೂ ಜುಮುಗುಡುತ್ತಂತೆ. ಆದರೂ ಅಂಗಿ ಗುಂಡಿ ತಾನೇ ಹಾಕ್ಕೋತಾನೆ.

ಮೈಕ್ರೋಸರ್ಜರಿ ಮಾಡೋ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸು. ಅದರ ನಂಬರನ್ನು 108ರ ಪಕ್ಕ, ಯಂತ್ರದ ಮೇಲಿನ ಗೋಡೆಗೆ ಬರೆ. ಸೀಮೆಸುಣ್ಣ ಬೇಡ, ಪೇಂಟಲ್ಲಿ ಬರೆ.